ಸಂಸೆ ಬಸ್ಸಿಗೆ ನಾಯಕ ಯಾರು

ಜನವರಿ 9, ಗುರುವಾರ

ಇವತ್ತೂ ರೆಕಾರ್ಡಿಂಗ್ ಇಲ್ಲ. ಕೊಯ್ಲಿನ ಕಾಲ. ರುಕ್ಮಿಣಮ್ಮನವರು ಕಾಫಿ ಕಣ ಬಿಟ್ಟು ಮೂಡಿಗೆರೆಗೆ ಬರಲಾರರು. ಅವರಿಲ್ಲದೆ ನಮ್ಮ ನಾಟಕದ ‘ಸಂಸೆ ಬಸ್ಸು’ ಹೊರಡುವುದಿಲ್ಲ. ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ತೆಗೆಯುವ ಅಜ್ಜಿ ಅವರೇ.

ಎರಡು ವರ್ಷವಾಯಿತು. ಪ್ರತಿ ಭಾನುವಾರ ಸಂಜೆ ನಮ್ಮ ಈ ಪುಟ್ಟ ಸಮುದಾಯ ರೇಡಿಯೊದಲ್ಲಿ ಒಂದು ಬಸ್ಸು ಓಡುತ್ತದೆ. ಬರೆಯುವವಳು ನಾನು. ಒಳಗೆ ಕೂತವರೆಲ್ಲ ಊರಿನವರೇ. ನಾಟಕ ಗೊತ್ತಿದ್ದವರು ಒಬ್ಬರೂ ಇಲ್ಲ.

ಸಂಜೆ ಮೈಸೂರಿನಿಂದ ಕವನಾ ಮೇಡಂ ಫೋನ್. ರೇಡಿಯೊ ನಾಟಕ ಕಲಿಸುವವರು, ಕೈಪಿಡಿ ಮಾಡುತ್ತಿದ್ದಾರಂತೆ. ನಮ್ಮ ಧಾರಾವಾಹಿ ಕೇಳಿದರಂತೆ. ‘ಇದರಲ್ಲಿ ನಾಯಕ ಯಾರು?’ ಎಂದರು. ತಡವರಿಸಿದೆ. ಹಾಗಾದರೆ ಇದು ಯಾವ ಬಗೆಯ ಕಥೆ, ಕೈಪಿಡಿಗೆ ಒಂದು ಪ್ಯಾರಾ ಬರೆದುಕೊಡಿ ಎಂದರು. ಇಂಥ ಗುಂಪಿನ ಕಥೆಗೆ ಇಂಗ್ಲಿಷಿನಲ್ಲಿ ಎನ್ಸೆಂಬಲ್ ಅಂತಾರಂತೆ. ಕನ್ನಡದಲ್ಲಿ ಹೆಸರು ಬೇಡ, ವಿವರಣೆ ಸಾಕಂತೆ.

ಒಪ್ಪಿಕೊಂಡೆ. ಸುಲಭ ಅನ್ನಿಸಿತು.

ಜನವರಿ 16, ರಾತ್ರಿ ಊಟಕ್ಕೆ ಮುಂಚೆ

ಬರೆದದ್ದು: ‘ಹಲವರು ಒಂದೇ ಕಡೆ ಸೇರುತ್ತಾರೆ. ಪ್ರತಿಯೊಬ್ಬರಿಗೂ ಅವರದೇ ಕಥೆ. ಯಾರೂ ನಾಯಕರಲ್ಲ. ಒಬ್ಬರು ಇಳಿದರೂ ಬಸ್ಸು ಮುಂದೆ ಹೋಗುತ್ತದೆ.’

ಚೆನ್ನಾಗಿದೆ ಅನ್ನಿಸಿತು. ಪ್ರೇಮಕುಮಾರಿ ಅಕ್ಕನಿಗೆ ಓದಿದೆ. ರೇಡಿಯೊ ನಡೆಸುವವರು ಅವರು. ಬೆಳಿಗ್ಗೆ ಬಟ್ಟೆ ಅಂಗಡಿ, ಮಧ್ಯಾಹ್ನದ ಮೇಲೆ ಇಲ್ಲಿ. ‘ಆಯ್ತಲ್ಲ, ಕಳಿಸು’ ಎಂದರು. ಕಳಿಸಲಿಲ್ಲ. ಯಾಕೋ.

ರೆಕಾರ್ಡಿಂಗ್ ಆಯಿತು. ಸುಬ್ಬಣ್ಣನ ಗಂಟಲು ಮತ್ತೆ ಕಟ್ಟಿದೆ. ನಾಟಕದಲ್ಲಿ ನಮ್ಮ ಕಂಡಕ್ಟರ್. ಕೊಟ್ಟಿಗೆಹಾರದಲ್ಲಿ ಪಂಕ್ಚರ್ ಅಂಗಡಿ, ಇಡೀ ದಿನ ಘಾಟಿ ಇಳಿಯುವವರ ಜೊತೆ ಹರಟೆ. ದೀಪಾವಳಿಯಿಂದಲೂ ಹೀಗೇ ಗೊರಗೊರ. ಧೂಳು, ಟಯರಿನ ಹೊಗೆ ಅಂತಾನೆ. ‘ರೈಟ್’ ಅನ್ನುವುದಕ್ಕೆ ನಾಲ್ಕು ಟೇಕ್. ಎಲ್ಲರೂ ನಕ್ಕರು. ಅವನೂ.

ಫೆಬ್ರವರಿ 6

ಧೂಳಲ್ಲ.

ಮಂಗಳೂರಿನ ಆಸ್ಪತ್ರೆಯಿಂದ ಗಿಡ್ಡಮ್ಮ ಫೋನ್ ಮಾಡಿದ್ದಳು. ಸುಬ್ಬಣ್ಣನ ಹೆಂಡತಿ. ಗಂಟಲಲ್ಲಿ ಗಡ್ಡೆ, ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಜೀವಕ್ಕೆ ಭಯ ಇಲ್ಲ ಅಂದಿದ್ದಾರೆ, ಈಗಲೇ ಮಾಡಿದರೆ. ಆಮೇಲೆ ಕುತ್ತಿಗೆಯ ತೂತಿನಲ್ಲಿ ಉಸಿರಾಟ. ಮಾತು ಇಲ್ಲ.

ಅವಳು ಅಳಲಿಲ್ಲ. ಅಂಗಡಿ ಬಾಗಿಲು ಹಾಕಿದ್ದೀವಿ, ಕೀ ದೇವರಾಜಣ್ಣನ ಹತ್ರ ಇದೆ, ಇಷ್ಟೇ ಹೇಳಿದಳು. ದೇವರಾಜ ನಮ್ಮ ನಾಟಕದ ಡ್ರೈವರ್.

ಗೋಡೆಗೆಲ್ಲ ಗೋಣಿಚೀಲ ಹೊದಿಸಿದ ರೆಕಾರ್ಡಿಂಗ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ರುಕ್ಮಿಣಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಲೇ ಇದ್ದರು.

ಆ ಪ್ಯಾರಾ ಹರಿದು ಹಾಕಿದೆ. ‘ಒಬ್ಬರು ಇಳಿದರೂ ಬಸ್ಸು ಮುಂದೆ ಹೋಗುತ್ತದೆ’… ಎಷ್ಟು ಆರಾಮಾಗಿ ಬರೆದಿದ್ದೆ.

ಫೆಬ್ರವರಿ 13

ಆಪರೇಷನ್ ಮೊನ್ನೆ ಮುಗಿಯಿತು. ಚೆನ್ನಾಗಿ ಆಯಿತಂತೆ.

ಆದರೆ ಭಾನುವಾರಕ್ಕೆ ಬಸ್ಸು ಬೇಕು. ಕಂಡಕ್ಟರನ್ನು ವರ್ಗ ಮಾಡೋಣವೇ? ಸಾಯಿಸುವುದೇ? ಎರಡಕ್ಕೂ ಮನಸ್ಸು ಒಪ್ಪಲಿಲ್ಲ. ಆಗ ದೇವರಾಜ, ಬಾಳೂರಿನ ಹತ್ತಿರ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಮೆಲ್ಲಗೆ ‘ನಾನೇ ಎರಡೂ ಮಾಡ್ಲಾ?’ ಎಂದ. ಅನುಕರಣೆ ಅವನಿಗೆ ಲೀಲಾಜಾಲ. ಮಾಡಿ ತೋರಿಸಿದ. ಕಣ್ಣು ಮುಚ್ಚಿದರೆ ಸುಬ್ಬಣ್ಣನೇ. ಸೀಳು ಬಿದಿರಿನ ಹಾಗೆ ಒಡೆಯುವ ಅದೇ ದನಿ, ಕೊನೆಯ ಅದೇ ಕೆಮ್ಮು.

ಪ್ರೇಮಕ್ಕ ‘ಕೇಳೋರಿಗೆ ಗೊತ್ತಾಗಲ್ಲ’ ಎಂದರು. ನಾನೂ ಹೂಂ ಎಂದೆ. ರುಕ್ಮಿಣಮ್ಮ ಜಗಳದ ಮಾತನ್ನು ಓದಿ ಮುಗಿಸಿ ಬೇಗ ಎದ್ದು ಹೋದರು. ಬಸ್ಸಿಗೆ ಹೊತ್ತಾಯಿತು ಎಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಫೆಬ್ರವರಿ 17, ಸೋಮವಾರ

ತಪ್ಪಾಯಿತು. ದೊಡ್ಡ ತಪ್ಪು.

ನಿನ್ನೆಯ ಕಂತನ್ನು ಯಾರೋ ಗಿಡ್ಡಮ್ಮನ ಫೋನಿಗೆ ಕಳಿಸಿದ್ದಾರೆ. ಅವನಿಗೆ ಖುಷಿಯಾಗಲಿ ಅಂತ ಅವಳು ಹಾಕಿದ್ದಾಳೆ. ಎರಡು ಮಾತು ಕೇಳಿ ಗೋಡೆ ಕಡೆ ತಿರುಗಿ ಮಲಗಿದನಂತೆ. ಮಧ್ಯಾಹ್ನದ ಗಂಜಿ ಹಾಕಿಸಿಕೊಳ್ಳಲಿಲ್ಲವಂತೆ.

ಸಂಜೆ ಅವನದೇ ಮೆಸೇಜು ಬಂತು: ‘ನನ್ನ ದನಿ ಬೇರೆಯವರಿಗೆ ಬೇಡ. ಸಾಯಿಸೋದೂ ಬೇಡ. ಬಸ್ಸಲ್ಲಿ ಇರ್ತೀನಿ.’

ದೇವರಾಜನಿಗೆ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟ. ‘ಅವ್ನಿಗೋಸ್ಕರಾನೇ ಮಾಡಿದ್ದು ಕಣಮ್ಮ’ ಎಂದ. ಗೊತ್ತು ಎಂದೆ. ಪಾಪ, ಅವನ ಮುಖ ನೋಡಲಾಗಲಿಲ್ಲ.

ಬಸ್ಸಲ್ಲಿ ಇರ್ತೀನಿ — ಹೇಗೆ? ರೇಡಿಯೊದಲ್ಲಿ ಮಾತಾಡದವನು ಇದ್ದಾನೆ ಅಂತ ಯಾರಿಗೆ ಗೊತ್ತಾಗಬೇಕು?

ಮಾರ್ಚ್ 6

ಎರಡು ವಾರ ಹಳೇ ಕಂತುಗಳನ್ನೇ ಹಾಕಿದೆವು. ನಾನು ಬರೆದು ಬರೆದು ಅಳಿಸಿದೆ. ಒಂದರಲ್ಲಿ ಕಂಡಕ್ಟರಿಗೂ ಆಪರೇಷನ್ ಮಾಡಿಸಿದ್ದೆ, ಪ್ರಯಾಣಿಕರೆಲ್ಲ ಕಣ್ಣೀರು. ಸುಬ್ಬಣ್ಣನಿಗೆ ಕಳಿಸಿದೆ. ಉತ್ತರ: ‘ಪಾಪ ಅನ್ನಿಸ್ಬೇಡಿ. ಟಿಕೆಟ್ ಕೊಡ್ಬೇಕು ನಾನು.’

ಇವತ್ತು ದಾರಿ ತೋರಿಸಿದ್ದು ರುಕ್ಮಿಣಮ್ಮ. ಅವರಿಗೆ ತಾವು ದಾರಿ ತೋರಿಸಿದ್ದು ಗೊತ್ತೂ ಇಲ್ಲ. ಮೂವತ್ತು ವರ್ಷದ ಹಿಂದೆ ತೀರಿಕೊಂಡ ಅತ್ತೆಯ ಬಗ್ಗೆ ಮಾತು ಬಂತು. ಕೊನೆಗಾಲದಲ್ಲಿ ಅತ್ತೆಗೆ ಮಾತು ನಿಂತಿತ್ತಂತೆ.

‘ಆದ್ರೂ ದಿನಾ ಜಗಳ ಆಡ್ತಿದ್ದೆವು ಮಾರಾಯ್ತಿ. ನಾನು ಹೇಳ್ತಿದ್ದೆ, ಅವ್ರು ನೋಡೋರು. ಆ ನೋಟಕ್ಕೆ ನಾನು ಮತ್ತೆ ಉತ್ತರ ಕೊಡ್ತಿದ್ದೆ. ಸೋಲ್ತಿದ್ದವಳು ನಾನೇ.’

ಮನೆಗೆ ಬಂದು ಕೂತವಳು ಹೊಸ ಕಂತು ಮುಗಿಸದೆ ಏಳಲಿಲ್ಲ. ಕಂಡಕ್ಟರಿಗೆ ಒಂದೂ ಮಾತಿಲ್ಲ. ಎಲ್ಲರೂ ಅವನ ಜೊತೆ ಮಾತಾಡುತ್ತಾರೆ. ಅವನು ಕೊಟ್ಟ ಉತ್ತರ ಅವರ ಮುಂದಿನ ಮಾತಿನಲ್ಲಿ ಕೇಳುತ್ತದೆ. ‘ಹಿಂದೆ ಹೋಗಿ ಅಂತ ಯಾಕೆ ಕೈ ಮಾಡ್ತೀಯ, ಹಿಂದೆ ಜಾಗ ಎಲ್ಲಿದೆ?’ ಹೀಗೆ.

ಮಾರ್ಚ್ 17

ಕೇಳುಗರ ಫೋನುಗಳು. ಕಳಸದಿಂದ ಒಬ್ಬರು: ನಿಮ್ಮ ಕಂಡಕ್ಟರಿಗೆ ಬಹಳ ಜಂಬ ಬಂದಿದೆ, ವಯಸ್ಸಾದವರು ಕೇಳಿದರೆ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ.

ಸುಬ್ಬಣ್ಣನಿಗೆ ಬರೆದು ಕಳಿಸಿದೆ. ನಗುವ ಚಿತ್ರಗಳು ಒಂದು ಸಾಲು ಬಂದವು. ಮೊದಲ ಸಲ.

ಮಾರ್ಚ್ 21

ಮಳೆ ಬಂದು ಹೂವಾಗಿದೆ. ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ. ಕೊಟ್ಟಿಗೆಹಾರಕ್ಕೆ ಹೋಗಿದ್ದೆ, ಅವನನ್ನು ನೋಡಲು.

ಅಂಗಡಿ ತೆರೆದಿದ್ದಾನೆ. ಸೊರಗಿದ್ದಾನೆ. ಕುತ್ತಿಗೆಗೆ ತೆಳು ಬಟ್ಟೆ. ಜೀಪಿನವನೊಬ್ಬ ಅವನನ್ನು ಬಿಟ್ಟು ಗಿಡ್ಡಮ್ಮನನ್ನು ಕೇಳಿದ, ಎಷ್ಟು ಹೊತ್ತಾಗುತ್ತೆ ಅಂತ. ‘ಅವ್ರಿಗೆ ಕಿವಿ ಕೇಳುತ್ತೆ, ಅವ್ರನ್ನೇ ಕೇಳಿ’ ಎಂದಳು, ಗಟ್ಟಿಯಾಗಿ. ಜೀಪಿನವನು ತಿರುಗಿ ಕೇಳಿದ. ಸುಬ್ಬಣ್ಣ ಬೆರಳು ತೋರಿಸಿದ. ಕೆಲಸ ನಡೆಯಿತು.

ಹೊರಡುವಾಗ ಫೋನಿನಲ್ಲಿ ಬರೆದು ತೋರಿಸಿದ: ರೆಕಾರ್ಡಿಂಗಿಗೆ ನಾನೂ ಬರ್ತೀನಿ. ಬಂದು ಏನು ಮಾಡುತ್ತೀಯ ಎಂದು ಕೇಳಲು ಬಾಯಿ ತೆರೆದವಳು ‘ಬಾ’ ಎಂದೆ.

ಏಪ್ರಿಲ್ 3, ಗುರುವಾರ

ಬಂದ. ಇಸ್ತ್ರಿ ಮಾಡಿದ ಶರ್ಟು. ಎಲ್ಲರಿಗೂ ಮುಜುಗರ, ಏನು ಮಾತಾಡಿಸುವುದು. ದೇವರಾಜ ಬಾಗಿಲ ಹತ್ತಿರವೇ ನಿಂತಿದ್ದ. ಸುಬ್ಬಣ್ಣನೇ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆತಂದ. ಅಷ್ಟೇ. ಆ ವಿಷಯ ಅಲ್ಲಿಗೆ ಮುಗಿಯಿತು.

ಮೈಕಿನ ಮುಂದೆ ತನ್ನ ಹಳೇ ಜಾಗದಲ್ಲೇ ನಿಂತ, ರುಕ್ಮಿಣಮ್ಮನ ಎದುರಿಗೆ. ದೃಶ್ಯ ಶುರು. ಬಸ್ಸು ಕೆಟ್ಟು ನಿಂತಿದೆ, ಅಜ್ಜಿ ಟಿಕೆಟ್ ದುಡ್ಡು ವಾಪಸ್ ಕೇಳುತ್ತಾಳೆ. ಇಲ್ಲಿಯವರೆಗೆ ರುಕ್ಮಿಣಮ್ಮ ಗೋಡೆ ಕಡೆ ತಿರುಗಿ ಓದುತ್ತಿದ್ದರು, ಒಂದರ ಹಿಂದೆ ಒಂದು. ಇವತ್ತು ಒಂದು ಮಾತು ಹೇಳಿ ಕಾದರು. ಅವನ ಹುಬ್ಬು ಏರಿತು. ಅದಕ್ಕೆ ಸಿಟ್ಟಾಗಿ ಎರಡನೆಯದು ಹೇಳಿದರು. ಮತ್ತೆ ಕಾದರು. ಅವನು ನಕ್ಕ. ಹೆಗಲು ಕುಣಿಯುವ ನಗು, ಸದ್ದಿಲ್ಲ.

ರುಕ್ಮಿಣಮ್ಮ ಕಾಗದ ಕೆಳಗಿಟ್ಟರು.

‘ಏನ್ ನಗ್ತೀಯಾ? ಎರಡು ತಿಂಗಳಿಂದ ಎಲ್ಲಿ ಹೋಗಿದ್ದೆ? ನಾನು ಯಾರ ಹತ್ರ ಜಗಳ ಆಡ್ಬೇಕಿತ್ತು?’

ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ನಾನು ನಿಲ್ಲಿಸಲು ಕೈ ಎತ್ತಿದೆ. ಪ್ರೇಮಕ್ಕ ನನ್ನ ಕೈ ಹಿಡಿದು ಕೆಳಗಿಳಿಸಿದರು. ದೇವರಾಜನೇ ಎತ್ತಿಕೊಂಡ, ಡ್ರೈವರಿನ ದನಿಯಲ್ಲಿ: ‘ನಕ್ರೆ ನಗ್ಲಿ ಬಿಡಿ ಅಮ್ಮ. ಬಂದ್ನಲ್ಲ. ಹತ್ತಿ, ಹೋಗಾಣ.’

ಒಂದೇ ಟೇಕ್.

ಏಪ್ರಿಲ್ 4, ಬೆಳಿಗ್ಗೆ

ಕವನಾ ಮೇಡಂಗೆ ಕಳಿಸಿದೆ, ಕೊನೆಗೂ. ‘ಇಂಥ ಕಥೆಯಲ್ಲಿ ಏನಾಗುತ್ತದೆ ಎಂಬುದು ಯಾರೊಬ್ಬರ ಕೈಯಲ್ಲೂ ಇಲ್ಲ. ಅದು ಅವರವರ ನಡುವೆ ಇರುತ್ತದೆ. ಒಬ್ಬರು ಸುಮ್ಮನಾದರೆ ಉಳಿದವರ ಮಾತೆಲ್ಲ ಬದಲಾಗುತ್ತದೆ. ಹಾಗೆ ಬದಲಾಗದಿದ್ದರೆ ಅದು ಬರೀ ಜನಜಂಗುಳಿ, ಕಥೆಯಲ್ಲ.’ ಚೆನ್ನಾಗಿದೆಯೋ ಇಲ್ಲವೋ.

ರುಕ್ಮಿಣಮ್ಮನ ಫೋನು ಆಗಲೇ ಬಂತು. ಪ್ರತಿ ವಾರ ತಾವೇ ಗೆಲ್ಲುವುದು ಸರಿಯಲ್ಲವಂತೆ. ಮುಂದಿನ ಸಲ ಕಂಡಕ್ಟರ್ ಗೆಲ್ಲಬೇಕಂತೆ. ಹೇಗೆ ಅಂತ ನಾನೇ ಯೋಚಿಸಬೇಕಂತೆ.

ಬರೆಯಲು ಕೂತೆ. ಬಾಳೂರು ಕ್ರಾಸು. ಅಜ್ಜಿ ಇಳಿಯಲ್ಲ ಅಂತ ಹಟ ಹಿಡಿದಿದ್ದಾಳೆ. ಕಂಡಕ್ಟರ್ ಎದ್ದು ಅವಳ ಸೀಟಿನ ಹತ್ತಿರ ಬಂದು…