ಸೀರಿಯಸ್ ಇಲ್ಲದ ತಾರು

೧೫ ಫೆಬ್ರವರಿ ೧೯೯೫, ಸಂಪಗಾಂವ

ಇವತ್ತು ಎರಡು ತಾರು ಬರೆದುಕೊಟ್ಟೆ. ಒಂದು ಹೆಣ್ಣು ನೋಡಲು ಬರುವವರಿಗೆ, ಇನ್ನೊಂದು ಹತ್ತಿ ಲಾರಿಗೆ. ಟೆಲಿಗ್ರಾಂ ಕೊಡಲು ಬೈಲಹೊಂಗಲದ ತಾರು ಕಚೇರಿಗೆ ಹೋಗುವವರು ಮೊದಲು ನಮ್ಮ ಕಟ್ಟೆಗೇ ಬರುತ್ತಾರೆ — ರಿಟೈರ್ಡ್ ಮಾಸ್ತರನಿಗೆ ಇಂಗ್ಲಿಷ್ ಬರುತ್ತದೆಂದು. ಶಬ್ದಕ್ಕಿಷ್ಟೆಂದು ದುಡ್ಡು; ಅದಕ್ಕೇ ‘ಪ್ರೀತಿಯ’, ‘ಕ್ಷೇಮ’ ಎಲ್ಲ ಮೊದಲು ಹೊಡೆದುಹಾಕುತ್ತೇನೆ. ತಾರಿನಲ್ಲಿ ಯಾರೂ ಯಾರಿಗೂ ನಮಸ್ಕಾರ ಮಾಡುವುದಿಲ್ಲ.

ದಾರಿಯಲ್ಲಿ ನಮ್ಮೂರಿನ ಮುದಕಪ್ಪ ಎದುರಾದ. ಇವತ್ತೂ ಮಾತಾಡಲಿಲ್ಲ. ಹೋದ ವರ್ಷ ಅವನು ಮಿರಜಿನಲ್ಲಿದ್ದಾಗ ಅವನಿಗೆ ತಾರು ಬರೆದವನು ನಾನೇ: ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ. ನಮ್ಮ ಕಡೆ ಸತ್ತರೂ ಸೀರಿಯಸ್ ಎಂದೇ ಬರೆಯುವುದು, ಓದಿದವನ ಎದೆ ಒಡೆಯಬಾರದೆಂದು. ಓದಿದವನೂ ಸೀರಿಯಸ್ ಎಂದರೆ ಸತ್ತರೆಂದೇ ತಿಳಿಯುತ್ತಾನೆ. ಹೇಗೂ ಮಣ್ಣು ಮುಗಿದಿರುತ್ತದೆಂದು ಮುದಕಪ್ಪ ಮೂರನೇ ದಿನ ಬಂದ. ಅವನ ಅಪ್ಪ ಎರಡು ದಿನ ಬಾಗಿಲು ನೋಡುತ್ತ ಜೀವ ಹಿಡಿದಿದ್ದ; ಹಾಸಿಗೆಯ ಹತ್ತಿರ ನಾನಿದ್ದೆ. ಜೀವ ಹೋದದ್ದು ಮಗ ಬಂದ ದಿನವೇ, ಬೆಳಿಗ್ಗೆ.

೩ ಮಾರ್ಚ್, ಬೆಳಿಗ್ಗೆ ೭

ಸಿದ್ದಲಿಂಗವ್ವ ಓಡಿ ಬಂದಳು. ಅವಳ ತಾಯಿ ರಾಚವ್ವನಿಗೆ ಬಹಳ ಆಗಿದೆ. ಡಾಕ್ಟರು ಎರಡು ದಿನ ಎಂದಿದ್ದಾರೆ. ರಾಚವ್ವನ ಮಗ ಮಹಾದೇವ ಇಚಲಕರಂಜಿಯಲ್ಲಿ, ಮಗ್ಗದ ಕೆಲಸ.

“ಸೀರಿಯಸ್ ಅಂತ ಬರೀರಿ ಮಾಸ್ತರ.”

ಪೆನ್ನು ನಿಂತಿತು. “ಅವ್ವ ಮಾತಾಡತಾಳೇನವಾ?”

“ಮಾತಾಡೂದೇನ್ರಿ, ಬೈಯಾಕ ಹತ್ಯಾಳ! ದೀಪಾವಳಿಗೂ ಬರಲಿಲ್ಲ ಮೂಳ, ಮಾರಿ ತೋರಸಂತ ಹೇಳು ಅಂತಾಳ.”

ಬರೆದೆ: ಮದರ್ ವೆರಿ ವೀಕ್. ಸ್ಕೋಲ್ಡಿಂಗ್ ಯೂ. ಕಮ್ ಟುಡೇ. ಕನ್ನಡದಲ್ಲಿ ಓದಿ ಹೇಳಿದೆ.

“ಅಯ್ಯ, ಇಂಥಾ ತಾರು ಯಾರರ ಕಳಸ್ತಾರೇನ್ರಿ? ಮಂದಿ ನಗ್ತಾರ.”

“ನಗಲಿ ಬಿಡವಾ. ಸತ್ತಾಕಿ ಬೈಯೂದಿಲ್ಲಲ್ಲ.”

ಅಳುತ್ತಲೇ ನಕ್ಕಳು. ಎಂಟರ ಬಸ್ಸಿಗೆ ಹೋದಳು.

ಸಂಜೆ

ಮಹಾದೇವ ಚೇಷ್ಟೆ ಎಂದು ತಿಳಿದು ಬಾರದೇ ಹೋದರೆ? ಸೀರಿಯಸ್ ಎಂದಿದ್ದರೆ ಮೂರನೇ ದಿನಕ್ಕಾದರೂ…

ರಾಚವ್ವನನ್ನು ನೋಡಿ ಬಂದೆ. ಬೈಗುಳ ನಿಂತಿದೆ. “ಬೈಯೂದು ಮುಗದಿಲ್ರೀ ಮಾಸ್ತರ,” ಎಂದಳು, ತಡೆದು ತಡೆದು. “ಅವ ಬರೂತನಾ… ಉಳಿಸ್ಕೊಂಡೇನಿ.”

೪ ಮಾರ್ಚ್, ಮಧ್ಯಾಹ್ನ

ಹನ್ನೊಂದರ ಬಸ್ಸಿಗೆ ಮಹಾದೇವ ಇಳಿದ. ತಲೆಯಲ್ಲಿ ಇನ್ನೂ ನೂಲಿನ ಧೂಳು. ಮುಷ್ಟಿಯಲ್ಲಿ ತಾರು. ನನ್ನನ್ನು ಕಂಡು ನಿಂತ.

“ಖರೇ ಹೇಳ್ರಿ ಮಾಸ್ತರ. ಇನ್ನೂ ಬೈಯಾಕ ಹತ್ಯಾಳೇನ್ರಿ?”

ಬೆಳಿಗ್ಗೆಯಿಂದ ರಾಚವ್ವನ ಓಣಿಗೆ ಹೋಗುವ ಧೈರ್ಯ ನನಗಾಗಿರಲಿಲ್ಲ. ಇಬ್ಬರೂ ಹೋದೆವು. ಹೊಸ್ತಿಲ ಹತ್ತಿರ ಅವನು ನಿಂತುಬಿಟ್ಟ. ಆಗ ಒಳಗಿನಿಂದ, ಬಹಳ ಸಣ್ಣಗೆ —

“ಈಗ ಗೊತ್ತಾತೇನೋ ಮೂಳಾ, ಮನಿ ದಾರಿ?”

ಚಪ್ಪಲಿ ಬಿಡುವುದನ್ನೂ ಮರೆತು ಓಡಿದ. ನಾನು ಒಳಗೆ ಹೋಗಲಿಲ್ಲ.

ತಿರುಗಿ ಬರುವಾಗ ಮುದಕಪ್ಪ ತನ್ನ ಕಟ್ಟೆಯ ಮೇಲಿದ್ದ. ಸುದ್ದಿ ಮುಟ್ಟಿರಬೇಕು. ಸರಿದು ಜಾಗ ಮಾಡಿದ.

“ಕುಂಡ್ರಿ ಮಾಸ್ತರ.”

ಕುಂತೆ. ಅವನು ಕೇಳಿದ:

“ನಮ್ಮಪ್ಪ… ಆ ಎರಡು ದಿನಾ ಏನಂತಿದ್ದನ್ರೀ?”

ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಒಂದು ಶಬ್ದವನ್ನೂ ಹೊಡೆದುಹಾಕದೆ ಎಲ್ಲ ಹೇಳಿದೆ. ಅವನ ಅಪ್ಪ ಮೊದಲು ಕೇಳಿದ್ದು, ‘ಬಸ್ಸು ಬಂತೇನ್ರಿ ಮಾಸ್ತರ?’ ಎಂದು.