ಒಳಗಿನ ಚಿಲಕಗಳು

ಮನೆ ಮಾರಿಸಿಕೊಡುವ ಅಣ್ಣನವರಿಗೆ ನಮಸ್ಕಾರ.

ಕೊಳ್ಳುವವರ ಕಣ್ಣಿಗೆ ಮನೆ ಚೆನ್ನಾಗಿ ಕಾಣಲೆಂದು ನೀವು ಹೇಳಿದ್ದನ್ನೆಲ್ಲ ಮಾಡಿದೆ. ಗೋಡೆಯಲ್ಲಿ ಮುಷ್ಟಿಯಗಲ ಕಿತ್ತುಹೋದ ಗಾರೆಯ ಮೇಲೆ ಹೂವಿನ ಚಿತ್ರ ತೂಗುಹಾಕಿದೆ. ಒಡೆದ ಕನ್ನಡಿ ಬದಲಾಯಿಸಿದೆ. ಬಂದವರ ಮುಂದೆ ನಮ್ಮ ಮನೆಯವರದು ಬೆಣ್ಣೆಯಂಥ ಮಾತು. ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಗಳ ಕೋಣೆಗೆ ಒಳಗಡೆಯಿಂದ ಮೂರು ಚಿಲಕ ಇದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ, ಕೀಳಿಸಿ ಎಂದಿರಿ. ಎರಡು ಕೀಳಿಸಿದೆ. ನಾನೂ ಮಗಳೂ ಅಕ್ಕನ ಮನೆ ಸೇರುವ ತನಕ ಒಂದಾದರೂ ಬೇಕು.

ನಿನ್ನೆ ನೀವು ಕಳಿಸಿದ ಗಂಡ ಹೆಂಡತಿ ಬಂದಿದ್ದರು. ಗಂಡಸರು ಮಹಡಿ ಹತ್ತಿದ ಕೂಡಲೇ ಆಕೆ ನನ್ನನ್ನು ಆ ಕೋಣೆಯೊಳಗೆ ಕರೆದು ಚಿಲಕ ಹಾಕಿದರು. ಬಾಗಿಲನ್ನು ಬಲವಾಗಿ ಜಗ್ಗಿ ನೋಡಿದರು. ಆಮೇಲೆ ಖಾಲಿ ತಿರುಪಿನ ತೂತುಗಳ ಮೇಲೆ ಬೆರಳಾಡಿಸಿ, ಪಿಸುಮಾತಿನಲ್ಲಿ, “ಮನೆ ಹಿಡಿಸ್ತು ಕಣ್ರೀ. ಇಲ್ಲಿದ್ದ ಇನ್ನೆರಡನ್ನೂ ಬಿಟ್ಟು ಹೋಗ್ತೀರಾ?” ಎಂದರು.

ಹೂಂ ಎಂದು ತಲೆಯಾಡಿಸಿದೆ.

ಆದ್ದರಿಂದ, ನಮ್ಮವರು ಕೆಲಸಕ್ಕೆ ಹೋದ ಮೇಲೆ ದಯವಿಟ್ಟು ಬಡಗಿಯನ್ನು ಕಳಿಸಿ. ತಿರುಪು ಉದ್ದನೆಯದೇ ತರಲಿ. ಫೋನ್ ಮಾತ್ರ ಮಾಡಬೇಡಿ, ಅದು ಅವರ ಕೈಯಲ್ಲಿರುತ್ತದೆ.

ಇಂತಿ,
ಬಡಗಿಯ ದಾರಿ ಕಾಯುವ
ನಿಮ್ಮ ತಂಗಿ