ಬೀಗ ಹಾಕಿದ ಆರು ಕೋಣೆಗಳು

ಮಾರ್ಚ್ ೨೩, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಸ್ತಕದ ಹುಳು ಮಾಡುವ ನಮಸ್ಕಾರಗಳು. ಮಗಳು ಹುಟ್ಟಿದ ಸುದ್ದಿ ಹೊತ್ತ ನಿನ್ನ ಕಾಗದ ನನ್ನ ಕೈಸೇರಿ ನಾಲ್ಕು ತಿಂಗಳಾಯಿತು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿರುವ ಅಕ್ಕನಿಗೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತೆಂದರೆ ಅಂಚೆಯವರನ್ನು ದೂರುವಂತಿಲ್ಲ. ಪರೀಕ್ಷೆ, ಸಮೀಕ್ಷೆ, ಪ್ರಬಂಧ ಎಂದು ಮೂರು ನೆಪಗಳನ್ನು ಸಿದ್ಧಪಡಿಸಿಕೊಂಡಿದ್ದೆ. ನೀನು ಒಂದನ್ನೂ ನಂಬುವವಳಲ್ಲವೆಂದು ಗೊತ್ತಿರುವುದರಿಂದ ಮೂರನ್ನೂ ಕೈಬಿಟ್ಟಿದ್ದೇನೆ. ಕ್ಷಮಿಸು. ಮಗು ಈಗ ಬೋರಲು ಬೀಳುತ್ತಿದೆಯೇ? ಮೂಗು ಯಾರದು? ಅಮ್ಮ ದಿನಕ್ಕೊಮ್ಮೆಯಾದರೂ ಗೋಡೆಯ ಕಡೆ ಮುಖ ಮಾಡಿಕೊಂಡು ಈ ಎರಡನೆಯ ಪ್ರಶ್ನೆಯನ್ನು ಕೇಳುತ್ತಾಳೆ.

ಮೊದಲು ನನ್ನ ಸುದ್ದಿ. ಮೊನ್ನೆ ಗುರುವಾರ ಫಲಿತಾಂಶ ಬಂತು. ತರಗತಿಗೆ ಮಾತ್ರವಲ್ಲ, ಇಡೀ ವಿಭಾಗಕ್ಕೆ ನಾನೇ ಮೊದಲಿಗಳು. ಈ ವಾಕ್ಯವನ್ನು ವಿನಯದಿಂದ ಬರೆಯಲು ಎರಡು ಸಲ ಪ್ರಯತ್ನಿಸಿ ಸೋತು, ಇದ್ದಂತೆಯೇ ಬರೆದಿದ್ದೇನೆ. ಆದರೆ ಈ ಸ್ಥಾನ ಕೈತಪ್ಪಿಯೇ ಹೋಗುವುದರಲ್ಲಿತ್ತು, ಅದರೊಂದಿಗೆ ಅಪ್ಪನ ಮಾನವೂ. ಆ ಕಥೆಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಭಾವನ ಕೈಹಿಡಿದು ನೀನು ಮನೆ ಬಿಟ್ಟ ದಿನ ಅಪ್ಪ ಆಡಿದ ಮಾತು ನಿನಗೆ ನೆನಪಿರದೆ ಹೋಗದು. "ಬೇರೆ ಜನ ಅಂತ ನಾನು ಬೇಡ ಅಂತಿಲ್ಲ. ಕಾಲು ಚಾಚೋಕೆ ಜಾಗ ಇಲ್ಲದ ಜನ ಅವರು. ನನ್ನ ಮಗಳು ಅಲ್ಲಿ ಹೋಗಿ ಎಲ್ಲಿ ಮಲಗ್ತಾಳೆ?" ಅಂದಿನಿಂದ ಮೂರು ವರ್ಷ ನಮ್ಮ ಮನೆಯಲ್ಲಿ ನಿನ್ನ ಹೆಸರೆತ್ತುವಂತಿಲ್ಲ. ಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳಬೇಕಾಗಿ ಬಂದಾಗ ನಾನು ಆ ಮಾತನ್ನೇ ಆರಿಸಿಕೊಂಡೆ. ಕೆಲಸ ಹುಡುಕಿಕೊಂಡು ಗುಡ್ಡ ಇಳಿದು ಈ ನಗರಕ್ಕೆ ಬಂದ ನಮ್ಮವರು. ಕಡಲು ಊರನ್ನು ನುಂಗಿದ ಮೇಲೆ ದೋಣಿ ಹತ್ತಿ ಬಂದ ನಿನ್ನ ಗಂಡನ ಕಡೆಯ ದ್ವೀಪದವರು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದಿಳಿದ ಈ ಎರಡು ಸಮುದಾಯಗಳಲ್ಲಿ ಇಂದು ಯಾರು ಅನುಕೂಲವಾಗಿದ್ದಾರೆ? ಶೀರ್ಷಿಕೆ ಇದಕ್ಕಿಂತ ಮೂರು ಪಟ್ಟು ಉದ್ದವಿತ್ತು, ನಿನ್ನ ಮೇಲಿನ ಕರುಣೆಯಿಂದ ಇಲ್ಲಿ ಕೊಡುತ್ತಿಲ್ಲ.

ನನಗೆ ಮಾರ್ಗದರ್ಶಕರಾಗಿ ದೊರೆತವರು ದಶಮಾಂಶ ಮೇಡಂ. ಬಿಂದುವಿನ ನಂತರ ಮೂರು ಅಂಕಿ ಇಲ್ಲದೆ ಅವರು ಯಾವ ಮಾತನ್ನೂ ನಂಬುವುದಿಲ್ಲವಾದ್ದರಿಂದ ನಾವಿಟ್ಟ ಹೆಸರು ಅದು. ಅವರೆದುರು ನಾನು ಬಹಳ ಜಾಣತನದ ವಾದ ಮಂಡಿಸಿದೆ. ಆದಾಯ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಕೋಣೆಗಳನ್ನು ಯಾರು ಬಚ್ಚಿಡುತ್ತಾರೆ? ಆದ್ದರಿಂದ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ತಲೆ, ಏನು ಕೆಲಸ ಎಂದು ಕೇಳೋಣ. ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಕೋಣೆ ಅಂದ್ರೇನು, ಅದನ್ನ ಮೊದಲು ಬರೀ" ಎಂದರು. ನಾಲ್ಕು ಗೋಡೆ, ಒಂದು ಬಾಗಿಲು, ಒಬ್ಬರು ಕೈಕಾಲು ನೀಡಿ ಮಲಗುವಷ್ಟು ನೆಲ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ ಎಂದು ಬರೆದೆ. ಆ ಮನೆ ಎಲ್ಲಿರಬೇಕು ಎಂದು ಮಾತ್ರ ಬರೆಯಲಿಲ್ಲ. ಬರೆಯಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಇನ್ನೊಂದು ತಪ್ಪನ್ನೂ ಮಾಡಿದೆ, ಅದು ಮೊದಲನೆಯದಕ್ಕಿಂತ ದೊಡ್ಡದು. ದ್ವೀಪದವರ ಮಾತಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹಾಗಾಗಿ ಅವರ ಬೀದಿಗಳಲ್ಲಿ ಮೂರು ಮನೆಗೊಂದರಂತೆ ಆರಿಸಿ, ಬಾಗಿಲು ತಟ್ಟಿ, ಒಳಗೆ ಕೂತು, ಕೋಣೆಗಳನ್ನು ಕಣ್ಣಾರೆ ಎಣಿಸಿ ನೂರ ನಲವತ್ತು ಮನೆಗಳ ಫಾರಂ ತುಂಬಿದೆ. ನಮ್ಮವರು ನಮ್ಮವರೇ ಅಲ್ಲವೇ, ಅವರ ಮನೆಗೆ ಹೋಗಿ ಎಣಿಸುವುದು ಅವಮಾನ ಮಾಡಿದಂತೆ ಎಂದುಕೊಂಡು, ನೂರ ನಲವತ್ತು ಫಾರಂಗಳನ್ನು ನಮ್ಮ ಗುಡ್ಡದವರ ಸಂಘದ ಸಭಾಂಗಣದಲ್ಲಿಟ್ಟು, ಪೆನ್ನಿಗೆ ದಾರ ಕಟ್ಟಿ, ನೀವೇ ತುಂಬಿ ಎಂದು ಹೇಳಿ ಬಂದೆ.

ಫಲಿತಾಂಶವನ್ನು ನೋಡಿ ನನಗೆ ರೆಕ್ಕೆ ಬಂದಂತಾಯಿತು. ನಮ್ಮವರ ಮನೆಗೆ ಸರಾಸರಿ ಐದೂಕಾಲು ಕೋಣೆ, ನಿಮ್ಮವರಿಗೆ ಎರಡೂಮುಕ್ಕಾಲು. ಅಪ್ಪನಿಗೆ ಹೇಳಿದೆ. ಅಪ್ಪ ಸಂಘದ ಅಧ್ಯಕ್ಷರಿಗೆ ಹೇಳಿದರು. ಅವರು ಯಾರೆಂದು ನಿನಗೆ ಗೊತ್ತಲ್ಲ, ಅದೇ ಮೈಕ್ ಮಾವ; ಮೈಕು ಒಮ್ಮೆ ಅವರ ಕೈಗೆ ಹೋದರೆ ಕರೆಂಟು ಹೋಗುವವರೆಗೆ ಬಿಡದವರು. ಅವರು ತಕ್ಷಣ ವಾರ್ಷಿಕ ಸಭೆಯಲ್ಲಿ ನನ್ನ ಭಾಷಣ ಇಟ್ಟರು. "ನಾವೇ ಮುಂದು" ಎಂದು ಬ್ಯಾನರ್ ಬರೆಸಲು ಕೊಟ್ಟರು. ಅಪ್ಪ ಕೆಲಸಕ್ಕೆ ಹೋದಲ್ಲೆಲ್ಲ, ಅಂದರೆ ಟೈಲ್ಸ್ ಕೂರಿಸಲು ಹೋದ ಪ್ರತಿ ಮನೆಯಲ್ಲೂ, "ನನ್ನ ಮಗಳು ಲೆಕ್ಕ ಹಾಕಿ ಸಾಬೀತು ಮಾಡಿದಾಳೆ" ಎಂದು ಹೇಳಿಕೊಂಡು ಬಂದರು.

ಸಭೆಗೆ ಹದಿನೈದು ದಿನ ಇರುವಾಗ ಮೇಡಂ, "ನಿಮ್ಮ ಮನೆ ಫಾರಂ ಎಷ್ಟನೇದು? ಒಂದು ಉದಾಹರಣೆ ಅಂತ ಅದನ್ನೇ ಹಾಕು" ಎಂದರು. ಹುಡುಕಿ ತೆಗೆದೆ. ಅಪ್ಪನ ಗುಂಡಗಿನ ಅಕ್ಷರ. ಕೋಣೆಗಳು: ಆರು.

ಅಕ್ಕ, ನಮ್ಮ ಮನೆ ನಿನಗೆ ಗೊತ್ತು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಅದರಲ್ಲೊಂದು ಬೀರುವಿನ ಬಾಗಿಲು ಪೂರ್ತಿ ತೆರೆದರೆ ಇಲ್ಲವಾಗುತ್ತದೆ. ಸಂಜೆ ಅಪ್ಪ ಕೈಗೆ ಹತ್ತಿದ ಸಿಮೆಂಟನ್ನು ಉಜ್ಜಿ ತೊಳೆಯುತ್ತಿರುವಾಗ ಫಾರಂ ಹಿಡಿದು ನಿಂತೆ.

"ಅಪ್ಪ, ನಮಗೆ ಎರಡು ಕೋಣೆ ಅಲ್ವಾ?"

"ಇದನ್ನ ಮನೆ ಅಂತಾರೇನೇ? ಇದು ಬಾಡಿಗೆ. ಮನೆ ಅಂದ್ರೆ ಗುಡ್ಡದಲ್ಲಿ ಕಟ್ಟಿಸಿರೋದು. ಮೇಲೆ ಮೂರು, ಕೆಳಗೆ ಮೂರು. ಗ್ರಾನೈಟ್ ನಾನೇ ಕೂರಿಸಿದ್ದು."

"ಅಲ್ಲಿ ಯಾರಿದಾರೆ?"

"ಬೀಗ ಹಾಕಿದೆ."

"ಬೀಗ ಒಂದೇ ಅಲ್ಲ, ಪಾರಿವಾಳಾನೂ ಇದಾವೆ," ಎಂದಳು ಅಮ್ಮ ಒಲೆಯ ಮುಂದಿನಿಂದ. "ನಾವು ಇಲ್ಲಿ ಮೊಣಕಾಲು ಮಡಚಿ ಮಲಗಿದ್ರೆ ಅವು ಅಲ್ಲಿ ಕೋಣೆಗೊಂದೊಂದು ಸಂಸಾರ ಹೂಡಿದಾವೆ. ಅವನ್ನೂ ಸಂಘಕ್ಕೆ ಸೇರಿಸ್ಕೊಳಿ."

ನಗು ತಡೆಯಲಾಗಲಿಲ್ಲ, ನಕ್ಕು ಮುಗಿಸಿ ಉಳಿದ ಫಾರಂಗಳನ್ನು ತೆಗೆದೆ. ಅಪ್ಪನೊಬ್ಬರೇ ಹೀಗೆ ಬರೆದಿರಲು ಸಾಧ್ಯವೇ? ಮಾರನೆಯ ದಿನವೇ ಮೇಡಂ ಬಳಿಗೆ ಹೋಗಿ ಹೇಳಿದೆ. ಮೊದಲ ಸ್ಥಾನ ಹೋದಂತೆಯೇ ಎಂದು ಮನಸ್ಸಿನಲ್ಲೇ ಅದಕ್ಕೆ ವಿದಾಯವನ್ನೂ ಹೇಳಿದ್ದೆ. ಮೇಡಂ, "ತಪ್ಪು ಮಾಡೋರು ಎಲ್ಲ ಕಡೆ ಸಿಗ್ತಾರೆ. ತಾವೇ ಹಿಡ್ಕೊಂಡು ಬರೋರು ಕಡಿಮೆ. ಇನ್ನೂ ಹನ್ನೆರಡು ದಿನ ಇದೆ, ಬಾಗಿಲು ತಟ್ಟು ಹೋಗು" ಎಂದರು. ಸಭೆಗೂ ಪ್ರಬಂಧದ ಗಡುವಿಗೂ ಹದಿನಾಲ್ಕು ದಿನವಿತ್ತು, ಟೈಪು ಮಾಡಿಸಲು ಎರಡು ದಿನ ಕಳೆದು ಹೇಳಿದ್ದರು.

ಅಮ್ಮ ನನ್ನ ಜೊತೆ ಹೊರಟಳು. ಆ ಹನ್ನೆರಡು ದಿನ ನಾನು ನಕ್ಕಷ್ಟು ಈ ಮೂರು ವರ್ಷದಲ್ಲಿ ನಕ್ಕಿರಲಿಲ್ಲ. ಲಿಫ್ಟ್ ರಿಪೇರಿಯವರ ಮನೆಯಲ್ಲಿ ಏಳು ಜನ, ಒಂದೇ ಕೋಣೆ. ಒಬ್ಬರ ತಲೆ, ಇನ್ನೊಬ್ಬರ ಕಾಲು, ಹೀಗೆ ಪೆಟ್ಟಿಗೆಯಲ್ಲಿ ಚಪ್ಪಲಿ ಜೋಡಿಸಿದಂತೆ ಮಲಗುತ್ತಾರೆ. ಫಾರಂನಲ್ಲಿ ಎಂಟು ಎಂದಿತ್ತು. ಕೇಳಿದ್ದೇ ತಡ, ಮನೆಯಾಕೆ ಬೀರುವಿನಿಂದ ನಕ್ಷೆ ತೆಗೆದು ಹರಡಿ ಗುಡ್ಡದ ಮನೆಯ ಎಂಟೂ ಕೋಣೆಗಳಲ್ಲಿ ನನ್ನನ್ನು ಓಡಾಡಿಸಿದರು. "ಇದು ಅತಿಥಿಗಳ ಕೋಣೆ. ನೀವು ಬಂದ್ರೆ ಇಲ್ಲೇ ಉಳ್ಕೋಬೇಕು." ನಾವು ಆಗ ಕೂತಿದ್ದದ್ದು ನೀರಿನ ಡ್ರಮ್ಮಿನ ಮೇಲೆ. ಇನ್ನೊಬ್ಬ ಅಜ್ಜಿ, "ಇಲ್ಲಿನ ಕೋಣೆ ಎಣಿಸ್ಬೇಡ ಮಗಾ, ಇದು ಬರೀ ಕಾಯೋ ಜಾಗ" ಎಂದರು. ಎಷ್ಟು ವರ್ಷದಿಂದ ಕಾಯುತ್ತಿದ್ದೀರಿ ಎಂದೆ. "ಮೂವತ್ತೊಂದು," ಎಂದು ನಕ್ಕರು.

ಹೊಸ ಲೆಕ್ಕ ಹೀಗೆ ನಿಂತಿತು. ಮಾಡುವ ಕೆಲಸಗಳ ಕೂಲಿ ದರ ನೋಡಿದರೆ ನಮ್ಮವರು ನಿಜಕ್ಕೂ ನಿಮ್ಮವರಿಗಿಂತ ಮುಂದೆ. ಕೋಣೆಗಳಲ್ಲಿ ಮಾತ್ರ ನಮಗೆ ಎರಡೂ ಪೂರ್ತಿ ಇಲ್ಲ. ದ್ವೀಪದವರಿಗೆ ಹಿಂತಿರುಗಲು ಊರಿಲ್ಲ. ಗಳಿಸಿದ್ದನ್ನೆಲ್ಲ ಇಲ್ಲಿಯೇ ಒಂದು ಇಸ್ತ್ರಿ ಅಂಗಡಿಗೋ, ಬೇಕರಿಗೋ, ಮಕ್ಕಳ ಮಂಚಕ್ಕೋ ಹಾಕಿದ್ದಾರೆ. ನಮ್ಮವರ ಗಳಿಕೆ ಗುಡ್ಡ ಹತ್ತಿಹೋಗಿ ಗ್ರಾನೈಟಾಗಿ ಮಲಗಿದೆ. ನಾವು ಅಲ್ಲಿ ಶ್ರೀಮಂತರು, ಅವರು ಇಲ್ಲಿ ಶ್ರೀಮಂತರು. ವ್ಯತ್ಯಾಸವಿಷ್ಟೇ, ಅವರು ತಾವು ಶ್ರೀಮಂತರಾಗಿರುವ ಕಡೆಯಲ್ಲೇ ವಾಸವಾಗಿದ್ದಾರೆ. ಈ ಕೊನೆಯ ವಾಕ್ಯದ ಕೆಳಗೆ ಮೇಡಂ ಗೆರೆ ಎಳೆದು "ಚೆನ್ನಾಗಿದೆ" ಎಂದು ಬರೆದಿದ್ದಾರೆ. ದಶಮಾಂಶವಿಲ್ಲದ ವಾಕ್ಯವೊಂದು ಅವರಿಗೆ ಹಿಡಿಸಿದ್ದು ಇದೇ ಮೊದಲಂತೆ.

ಉಳಿದದ್ದು ಸಭೆ. ಅದನ್ನು ತಪ್ಪಿಸಿಕೊಳ್ಳುವ ದಾರಿ ಇತ್ತು. ಜ್ವರ ಎಂದರೆ ಸಾಕಿತ್ತು. ಆದರೆ ನಾನು ಸುಮ್ಮನಿದ್ದರೆ ಆ ಬ್ಯಾನರಿನ ಕೆಳಗೆ ನಿಂತು ಮೈಕ್ ಮಾವ ಐದೂಕಾಲನ್ನೇ ಓದುತ್ತಿದ್ದರು, ಅಪ್ಪ ಮೂರು ವರ್ಷದ ಹಿಂದೆ ನಿನಗಂದ ಮಾತು ನನ್ನ ಸಹಿಯೊಂದಿಗೆ ನಿಜವಾಗಿಬಿಡುತ್ತಿತ್ತು. ಹೇಳಿದರೆ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ ಅಪ್ಪ ಎಲ್ಲರೆದುರು ಸಣ್ಣವರಾಗಬೇಕಿತ್ತು. ವೇದಿಕೆ ಹತ್ತಿದೆ.

ಹೇಳಿದೆ. ಅವರಿಗೆ ಎರಡೂಮುಕ್ಕಾಲು, ನಮಗೆ ಎರಡಕ್ಕೂ ಕಡಿಮೆ.

ಮೈಕ್ ಮಾವ ನನ್ನ ಕೈಯಿಂದ ಮೈಕನ್ನು ಬಿಡಿಸಿಕೊಂಡು, "ಮಗು ಗಾಬರಿಯಾಗಿದಾಳೆ. ಲೆಕ್ಕ ಎಲ್ಲೋ ತಪ್ಪಿದೆ" ಎಂದರು.

ಆಗ ಅಪ್ಪ ಎದ್ದು ನಿಂತರು. "ಲೆಕ್ಕ ತಪ್ಪಿಲ್ಲ ಮಾರಾಯ. ಅವಳು ಯಾವತ್ತು ತಪ್ಪು ಮಾಡಿದಾಳೆ? ಆರು ಅಂತ ಬರೆದವನು ನಾನು. ನಾಲ್ಕು ಕೋಣೆಗೆ ಇನ್ನೂ ಕಿಟಕೀನೂ ಇಟ್ಟಿಲ್ಲ."

ಬಳಿಕ ಹಿಂದಿನಿಂದ ಲಿಫ್ಟ್ ರಿಪೇರಿಯವರು, "ನಂದು ಎಂಟು. ಮೇಲಿನ ಮಹಡಿ ಬರೀ ಪಿಲ್ಲರ್" ಎಂದರು. ಯಾರೋ ಕಿಸಕ್ಕೆಂದರು. "ನಾನು ಕಾರ್ ಶೆಡ್ಡೂ ಸೇರಿಸಿದೀನಿ," ಎಂದರು ಬಣ್ಣ ಬಳಿಯುವವರು. "ಕಾರೆಲ್ಲಿದೆ ನಿಂಗೆ?" ಎಂದಳು ಅವರ ಹೆಂಡತಿಯೇ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಇಲ್ಲದ ಕೋಣೆಗಳನ್ನು ಒಪ್ಪಿಸಿದರು. ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಕೊನೆಗೆ ಮೈಕ್ ಮಾವ ಮೈಕು ಕೆಳಗಿಟ್ಟು, ಅಂದರೆ ಜೀವನದಲ್ಲಿ ಮೊದಲ ಬಾರಿ ಸ್ವಇಚ್ಛೆಯಿಂದ ಕೆಳಗಿಟ್ಟು, ಬರಿಗಂಟಲಿನಲ್ಲೇ ಹೇಳಿದರು: "ನಂದು ಹನ್ನೊಂದು. ಸೈಟ್ ಕೂಡ ಇನ್ನೂ ತಗೊಂಡಿಲ್ಲ."

ಬ್ಯಾನರನ್ನು ಅಮ್ಮ ಮನೆಗೆ ತಂದಿದ್ದಾಳೆ. ಗಟ್ಟಿ ಬಟ್ಟೆ, ಬೀರುವಿನ ಮೇಲಿನ ಧೂಳು ತಡೆಯಲು ಆಗುತ್ತದಂತೆ.

ಮನೆಗೆ ನಡೆದು ಬರುವಾಗ ಅಪ್ಪ ತಿರುವಿನಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿ, ಮುಖ ಎತ್ತದೆಯೇ ಕೇಳಿದರು: "ನಿನ್ನ ಅಕ್ಕನ ಮನೇಲಿ ಎಷ್ಟು ಕೋಣೆ?"

ಮೂರು ವರ್ಷದ ನಂತರ, ಅಕ್ಕ. ಅಮ್ಮ ಅಲ್ಲೇ ನಿಂತುಬಿಟ್ಟಳು.

"ಮೂರು," ಎಂದೆ.

ಅಪ್ಪ ತಲೆಯಾಡಿಸಿದರು. ಎರಡು ಹೆಜ್ಜೆ ನಡೆದ ಮೇಲೆ, "ಮೂರಾದ್ರೆ ಮಗೂಗೆ ಒಂದು ಇದ್ದಂಗಾಯ್ತು" ಎಂದರು. ಆ ರಾತ್ರಿ ಅವರು ಎರಡು ಸಲ ಅನ್ನ ಹಾಕಿಸಿಕೊಂಡರೆಂದು ಅಮ್ಮ ನಿನಗೆ ಬರೆಯಲು ಹೇಳಿದ್ದಾಳೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಚಿಕ್ಕಮ್ಮನ ಆಶೀರ್ವಾದ: ಹೊಟ್ಟೆ ತುಂಬ ಉಣ್ಣಲಿ, ಹಾಸಿಗೆ ತುಂಬ ಹೊರಳಾಡಲಿ, ಮೊದಲಿಗಳಾಗುವ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ. ನೀನು ನನ್ನನ್ನು ಹರಸು.

ಇಂತಿ ನಿನ್ನ ತಂಗಿ,
ಪುಸ್ತಕದ ಹುಳು

ತಾ.ಕ.: ಅಪ್ಪನಿಗೆ ಮೂರು ಎಂದದ್ದು ಊಹೆ. ನಿಮ್ಮ ಬೀದಿಯಲ್ಲಿ ಮೂರು ಮನೆಗೊಂದರಂತೆ ಎಣಿಸುತ್ತ ಬಂದಾಗ ನಿನ್ನ ಮನೆಯೂ ನನ್ನ ಪಟ್ಟಿಗೆ ಬಂತು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತೆ. ಒಳಗೆ ನೀನು ಮಗುವಿನೊಡನೆ ಮಾತಾಡುತ್ತಿದ್ದೆ, ನನ್ನನ್ನು ಶಾಲೆಗೆ ರಮಿಸಿ ಕಳುಹಿಸುತ್ತಿದ್ದ ದನಿಯಲ್ಲೇ. ಅಪ್ಪನ ಮಾತು ನಿಜವಾಗಲಿ ಎಂದು ಬಯಸಿಕೊಂಡು ಬಂದವಳು ನಾನು. ಅದು ಸುಳ್ಳಾದರೆ ಮೂರು ವರ್ಷ ನಿನ್ನನ್ನು ನೋಡದೆ ಇದ್ದದ್ದಕ್ಕೆ ನನ್ನ ಬಳಿ ಬೇರೆ ಕಾರಣವಿರಲಿಲ್ಲ. ಎತ್ತಿದ ಕೈ ಬಾಗಿಲು ತಟ್ಟಲಿಲ್ಲ. ಫಾರಂ ಮೇಲೆ "ಕರೆದರೂ ಬಾಗಿಲು ತೆರೆಯಲಿಲ್ಲ" ಎಂದು ಬರೆದು ಇಳಿದು, ಪಕ್ಕದ ಮನೆಯನ್ನು ಎಣಿಸಿಕೊಂಡು ಬಂದೆ. ಊರವರ ಫಾರಂಗಳನ್ನೆಲ್ಲ ತಿದ್ದಿದವಳು ಇದೊಂದನ್ನು ತಿದ್ದಿಲ್ಲ, ಮೇಡಂಗೂ ಹೇಳಿಲ್ಲ. ನಾಳೆಯಲ್ಲ, ಮುಂದಿನ ಭಾನುವಾರ ಬರುತ್ತೇನೆ. ಈ ಸಲ ಖಂಡಿತ ತಟ್ಟುತ್ತೇನೆ. ನೀನು ತೆರೆಯದಿದ್ದರೆ ನಾನು ಬರೆದದ್ದು ನಿಜವಾದಂತಾಗುತ್ತದೆ, ಅಷ್ಟೆ.